ದುಡಿಮೆಯ ವರ್ಷಗಳು ಮತ್ತು ಇಳಿವಯಸ್ಸಿನ ಮರೆವು

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮ ನಾಡಿನ ಮನೆಮನೆಯ ಮಾತು. ಅರವತ್ತು ದಾಟಿದ ಈ ಲೇಖಕನಿಗೂ ಮೊಮ್ಮಕ್ಕಳು ಅದನ್ನು ಆಗಾಗ ನೆನಪಿಸುವುದುಂಟು. ಆದರೆ ವೈದ್ಯಶಾಸ್ತ್ರವು ಈ ಮಾತನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಸಂತೆಗೆ ಹೋದವರು ಒಂದು ಸಾಮಾನನ್ನು ಮರೆತು ಬರುವುದು ವಯೋಸಹಜವಾದದ್ದು. ಐವತ್ತು ವರ್ಷ ತಿರುಗಾಡಿದ ಸಂತೆಯಿಂದ ಮನೆಗೆ ಬರುವ ದಾರಿಯನ್ನೇ ಮರೆಯುವುದು ರೋಗ. ಇದನ್ನೇ ಇಂದಿನ ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಪಟ್ಟಣಿಗರಿಗಿಂತ ಹಳ್ಳಿಗರಲ್ಲಿ ಇದು ಹೆಚ್ಚು. ಉಳಿದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಈ ರೋಗವಿಲ್ಲ ಎಂಬುದನ್ನೂ ಗಮನಿಸಬೇಕು.

ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದರಲ್ಲಿ ನಾವು ಮಾಡಿದ ದುಡಿಮೆಗೂ ಒಂದು ಪಾಲಿದೆಯೇ? ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ರೋಗಕಾರಣಗಳನ್ನು ಹೇಳುವಾಗ ಆಚಾರ್ಯರು ಇಂದ್ರಿಯಗಳ ಬಳಕೆಯನ್ನೂ, ಮಾತು-ಮನಸ್ಸು-ಶರೀರಗಳ ಕ್ರಿಯೆಯನ್ನೂ ಮೂರು ದೃಷ್ಟಿಯಿಂದ ನೋಡುತ್ತಾರೆ. ಅತಿಯಾದರೆ ಅತಿಯೋಗ, ಪೂರ್ತಿ ನಿಂತುಹೋದರೆ ಅಯೋಗ, ತಪ್ಪು ರೀತಿಯಲ್ಲಾದರೆ ಮಿಥ್ಯಾಯೋಗ. ನಮ್ಮ ಭಾಗದ ದುಡಿಯುವ ಜನರ ಬದುಕನ್ನು ನೋಡಿದಾಗ ನನಗೆ ಕಾಣುವುದು ಇದೇ: ಪ್ರಾಯದಲ್ಲಿ ಅತಿಯೋಗ, ಮುಪ್ಪಿನಲ್ಲಿ ಒಮ್ಮಿಂದೊಮ್ಮೆಗೆ ಅಯೋಗ. ಎರಡೂ ಮಿದುಳಿಗೆ ಹಿತವಲ್ಲ.

ಮೊದಲು ದುಡಿಮೆಯ ಸ್ವರೂಪವನ್ನು ವಿಚಾರಿಸೋಣ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನವು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿತು. ಬುದ್ಧಿಗೆ ಕೆಲಸ ಕೊಡುವ ಉದ್ಯೋಗಗಳಲ್ಲಿದ್ದ 10,000 ಜನರಲ್ಲಿ ವರ್ಷಕ್ಕೆ 4.8 ಮಂದಿಗೆ, ಹಾಗಲ್ಲದ ಉದ್ಯೋಗಗಳಲ್ಲಿದ್ದವರಲ್ಲಿ 7.3 ಮಂದಿಗೆ ಡಿಮೆನ್ಶಿಯಾ ಕಂಡುಬಂದಿತು. ಇದನ್ನು ಓದಿ ಕುರ್ಚಿಯ ಕೆಲಸ ಮೇಲು, ಮೈಮುರಿಯುವ ಕೆಲಸ ಕೀಳು ಎಂದು ತಿಳಿದರೆ ತಪ್ಪಾಗುತ್ತದೆ. ಅವರು ಅಳೆದದ್ದು ಎರಡನ್ನು: ಕೆಲಸವು ಬುದ್ಧಿಯನ್ನು ಎಷ್ಟು ಬೇಡುತ್ತದೆ, ಕೆಲಸ ಮಾಡುವವನಿಗೆ ಸ್ವಂತ ನಿರ್ಧಾರಕ್ಕೆ ಎಷ್ಟು ಅವಕಾಶವಿದೆ. ಈ ಅಳತೆಯಿಂದ ನೋಡಿದರೆ ಸೀರೆಯ ದಡಿ-ಸೆರಗಿನ ಲೆಕ್ಕವನ್ನು ತಲೆಯಲ್ಲಿಯೇ ಇಟ್ಟುಕೊಂಡು ಹಾಸು ಹೂಡುವ ಕೈಮಗ್ಗದ ನೇಕಾರನದು ಬುದ್ಧಿಯ ಕಾಯಕವೇ. ನೀರಿನ ಸರದಿ, ಗೊಬ್ಬರದ ಸಾಲ, ಕಬ್ಬು ಕಟಾವಿನ ಹೊತ್ತು ಇವೆಲ್ಲವನ್ನೂ ತಾನೇ ತೂಗಿ ನೋಡುವ ಮುಧೋಳದ ನಾಲ್ಕು ಎಕರೆಯ ರೈತನದೂ ಹಾಗೆಯೇ. ಆದರೆ ಗುತ್ತಿಗೆದಾರ ತೋರಿಸಿದ ಹೊಲದಲ್ಲಿ ಬೆಳಗಿನಿಂದ ಕತ್ತಲೆಯವರೆಗೆ ಕಬ್ಬು ಕಡಿಯುವ, ಶಾಲೆಯ ಮುಖವನ್ನೇ ಕಾಣದ ಕೂಲಿಕಾರನಿಗೆ ಆ ಅವಕಾಶವಿಲ್ಲ. ಅವನ ದೋಷವೇನೂ ಇದರಲ್ಲಿಲ್ಲ. ಬಾಲ್ಯದಲ್ಲಿ ವಿದ್ಯೆ ತಪ್ಪಿದ್ದೇ ಮೂಲ. ಕಡಿಮೆ ಶಿಕ್ಷಣವು ಈ ರೋಗದ ಮುಖ್ಯ ಅಪಾಯಕಾರಣಗಳಲ್ಲೊಂದು ಎಂದು ಎಲ್ಲ ತಜ್ಞರೂ ಒಪ್ಪಿದ್ದಾರೆ. ಹೆಣ್ಣುಮಕ್ಕಳಲ್ಲಿ ರೋಗ ಹೆಚ್ಚಿರುವುದಕ್ಕೂ ಇದು ಒಂದು ಕಾರಣ.

ಇನ್ನು ಕಿವಿಯ ವಿಚಾರ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮನೆಗೂ ವಿದ್ಯುತ್ ಮಗ್ಗದ ಕೋಣೆಗೂ ನಡುವೆ ಒಂದು ಗೋಡೆಯಷ್ಟೇ ಇರುತ್ತದೆ. ದಿನಕ್ಕೆ ಎಂಟು ತಾಸು 85 ಡೆಸಿಬಲ್ ಮೀರಿದ ಸದ್ದು ಕಿವಿಗೆ ಹಾನಿಕರ. ಸಾಲು ಮಗ್ಗಗಳು ಓಡುವ ಕೋಣೆಯಲ್ಲಿ 90 ದಾಟುವುದು ಸಾಮಾನ್ಯ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಧ್ವನಿಗಳು. ಆಗ ಗಂಡಸಿನ ದಪ್ಪ ಧ್ವನಿ ಕೇಳುತ್ತದೆ, ಸೊಸೆಯ ಮಾತು, ಮೊಮ್ಮಗಳ ಮಾತು ಅರ್ಧಂಬರ್ಧ ಕೇಳುತ್ತದೆ. ಸ, ಶ, ತ, ಕ ಅಕ್ಷರಗಳು ಒಂದರಲ್ಲೊಂದು ಬೆರೆಯುತ್ತವೆ. ಗುಡುಗು, ನಗಾರಿ, ಕೂಗಾಟಗಳನ್ನು ಅತಿಯಾಗಿ ಕೇಳುವುದು ಶ್ರೋತ್ರೇಂದ್ರಿಯದ ಅತಿಯೋಗವೆಂದು ಚರಕರು ಸ್ಪಷ್ಟವಾಗಿ ಹೇಳಿದ್ದಾರೆ. ಏನನ್ನೂ ಕೇಳದಿರುವುದು ಅದರ ಅಯೋಗ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತವರು ಒಂದೇ ಜನ್ಮದಲ್ಲಿ ಎರಡನ್ನೂ ಅನುಭವಿಸುತ್ತಾರೆ.

“ಅಪ್ಪಗ ಅರಳುಮರಳು ಆಗೇತ್ರಿ ಡಾಕ್ಟರ್ರ, ಒಂದು ಕೇಳಿದ್ರ ಇನ್ನೊಂದು ಹೇಳ್ತಾನ್ರಿ” ಎಂಬ ಮಾತನ್ನು ನಾನು ವರ್ಷಕ್ಕೆ ಹಲವು ಬಾರಿ ಕೇಳುತ್ತೇನೆ. ಆ ಹಿರಿಯರ ಎದುರು ಕುಳಿತು, ಮುಖ ಕಾಣುವಂತೆ, ಕೂಗದೆ, ನಿಧಾನವಾಗಿ ಮಾತನಾಡಿಸಿದರೆ ಅನೇಕರು ಬರುವ ಅಮಾವಾಸ್ಯೆ ಯಾವ ವಾರ, ನೂಲಿನ ದರ ಎಷ್ಟು, ಮಗಳನ್ನು ಕೊಟ್ಟ ಊರು ಯಾವುದು ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಾರೆ. ಅವರಿಗೆ ಆಗಿರುವುದು ಕಿವುಡು, ಮರೆವಲ್ಲ. ಆದರೆ ಅದನ್ನು ಹಾಗೆಯೇ ಬಿಟ್ಟರೆ ಮಾತು ಕಡಿಮೆಯಾಗಿ, ಜನಸಂಪರ್ಕ ತಪ್ಪಿ, ನಿಜವಾದ ಮರೆವಿಗೆ ದಾರಿಯಾಗಬಹುದು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಹೆಸರಿಸಿದ 14 ಅಪಾಯಕಾರಣಗಳಲ್ಲಿ ಶ್ರವಣದೋಷವೂ, ಒಂಟಿತನವೂ ಇವೆ. ಈ ಹದಿನಾಲ್ಕನ್ನೂ ನಿವಾರಿಸಿದರೆ ಜಗತ್ತಿನ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ. ಶ್ರವಣಯಂತ್ರ ಹಾಕಿದರೆ ಉಪಯೋಗವುಂಟೇ ಎಂದು ಅಮೆರಿಕದಲ್ಲಿ 70ರಿಂದ 84 ವರ್ಷದವರ ಮೇಲೆ ಪರೀಕ್ಷಿಸಿದರು. 2023ರಲ್ಲಿ ಫಲಿತಾಂಶ ಬಂದಿತು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಮೊದಲೇ ಹೆಚ್ಚಿನ ಅಪಾಯದಲ್ಲಿದ್ದ ಗುಂಪಿನಲ್ಲಿ ಮೂರು ವರ್ಷಗಳ ಬುದ್ಧಿಕ್ಷಯವು ಶೇಕಡಾ 48ರಷ್ಟು ತಗ್ಗಿತ್ತು. ಅಪ್ಪನ ಕಿವಿಯಂತ್ರಕ್ಕೆ ದುಡ್ಡು ಏಕೆ ಎನ್ನುವ ಮಕ್ಕಳು ಇದನ್ನು ಯೋಚಿಸಬೇಕು. ಈಗ ಮಗ್ಗದ ಮುಂದೆ ನಿಂತಿರುವ ತರುಣರು ಇಂದಿನಿಂದಲೇ ಕಿವಿಗೆ ರಕ್ಷಣಾ ಬಿರಡೆ ಹಾಕಿಕೊಳ್ಳಲಿ. ಅದರ ಬೆಲೆ ಒಂದು ಹೊತ್ತಿನ ಚಹಾ-ಬೀಡಿಯ ಖರ್ಚಿಗಿಂತ ಬಹಳ ಹೆಚ್ಚಲ್ಲ. ಬೀಡಿಯೂ ಆ ಹದಿನಾಲ್ಕರ ಪಟ್ಟಿಯಲ್ಲಿದೆ!

ವಾಯುಮಾಲಿನ್ಯವೂ ಅದೇ ಪಟ್ಟಿಯಲ್ಲಿದೆ. ಮಹಾಲಿಂಗಪುರದ ಸುತ್ತಲಿನ ಬೆಲ್ಲದ ಗಾಣಗಳಲ್ಲಿ ಒಲೆಯ ಮುಂದೆ ದುಡಿಯುವವರು ಹೊಗೆಗೆ ಬೆನ್ನು ಮಾಡಿ ನಿಲ್ಲುವ ವ್ಯವಸ್ಥೆ ಮಾಡಿಕೊಳ್ಳಬೇಕು. ಕೀಟನಾಶಕ ಸಿಂಪಡಿಸುವವರು ಬಾಯಿ-ಮೂಗು ಮುಚ್ಚಿಕೊಳ್ಳದೆ ಹೊಲಕ್ಕಿಳಿಯಬಾರದು. ರಕ್ತದೊತ್ತಡ, ಮಧುಮೇಹಗಳನ್ನು ನಲವತ್ತರಿಂದಲೇ ಹತೋಟಿಯಲ್ಲಿಡಬೇಕು. ಎಪ್ಪತ್ತಕ್ಕೆ ಎಚ್ಚರವಾದರೆ ತಡವಾದಂತೆ.

ದುಡಿಮೆ ನಿಂತ ದಿನದ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಫ್ರಾನ್ಸ್ ದೇಶದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಸ್ವಯಂ ಉದ್ಯೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ನಿವೃತ್ತಿಯು ಒಂದು ವರ್ಷ ಮುಂದೆ ಹೋದಂತೆ ಡಿಮೆನ್ಶಿಯಾದ ಅಪಾಯ ಸುಮಾರು ಶೇಕಡಾ 3ರಷ್ಟು ಕಡಿಮೆ ಕಂಡಿತು. ಮರೆವು ಒಳಗೊಳಗೇ ಆರಂಭವಾದವರು ಬೇಗ ಕೆಲಸ ಬಿಟ್ಟಿರಲೂಬಹುದು. ಆದ್ದರಿಂದ ಇದನ್ನು ಎಚ್ಚರದಿಂದಲೇ ಓದಬೇಕು. ಆದರೂ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡಿದರೆ ನನಗೆ ಚಿಂತೆಯಾಗುತ್ತದೆ. ಮಗ ದೊಡ್ಡವನಾದ ಕೂಡಲೇ ತಂದೆಯ ಕೈಯಿಂದ ಲೆಕ್ಕದ ಪುಸ್ತಕ ಹೋಗುತ್ತದೆ. ಸೊಸೆ ಬಂದ ಮೇಲೆ ತಾಯಿಯ ಕೈಯಿಂದ ಅಡಿಗೆಮನೆ ಹೋಗುತ್ತದೆ. ಅವರು ಸುಖವಾಗಿರಲಿ ಎಂಬ ಪ್ರೀತಿಯೇ ಇದಕ್ಕೆ ಕಾರಣ. ಆದರೆ ಕಟ್ಟೆಯ ಮೇಲೆ ಸುಮ್ಮನೆ ಕೂರಿಸುವುದು ಸೇವೆಯಲ್ಲ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ-ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಹಿರಿಯರಿಗೆ ಇದು ಇನ್ನೂ ಕಠಿಣ. ಭೂಮಿಯೊಡನೆ ಅವರ ದಿನಚರಿ, ನೆರೆಹೊರೆ, ಸಲಹೆ ಕೇಳುವ ಜನ ಎಲ್ಲವೂ ಹೋದವು. ಅಂಥವರಿಗೆ ಪರಿಹಾರದ ಹಣದಷ್ಟೇ ಮುಖ್ಯವಾದದ್ದು ನಿತ್ಯದ ಒಂದು ಹೊಣೆ: ದನದ ಮೇವಿನ ಲೆಕ್ಕ, ಮೊಮ್ಮಕ್ಕಳ ಪಾಠ, ದಾಸೋಹದ ಕಾಳು ಆರಿಸುವ ಸೇವೆ, ಯಾವುದಾದರೂ ಆದೀತು. ತಪ್ಪು ಮಾಡಿದರೆ ತಿದ್ದಿರಿ, ಕೆಲಸವನ್ನು ಕಸಿದುಕೊಳ್ಳಬೇಡಿರಿ.

ನಮ್ಮ ಭಾಗಕ್ಕೆ ಒಂದು ಅನುಕೂಲವೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿದ ಡಾ. ಸುವರ್ಣಾ ಅಲ್ಲಾಡಿ ಅವರ ತಂಡವು, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತೆಂದು 2013ರಲ್ಲಿ ಪ್ರಕಟಿಸಿತು. ಅಕ್ಷರ ಬಾರದವರಲ್ಲಿಯೂ ಈ ಅಂತರ ಕಂಡಿತು. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಕನ್ನಡದೊಡನೆ ಮರಾಠಿ ಆಡುವ ಹಿರಿಯರು ಇಂದಿಗೂ ಇದ್ದಾರೆ. ಪೇಟೆಯಲ್ಲಿ ಉರ್ದುವೂ ನಡೆಯುತ್ತದೆ. ಆ ಮಾತುಗಳು ಮನೆಯಲ್ಲಿ ನಿಲ್ಲದಿರಲಿ.

ಔಷಧದ ಬಗ್ಗೆ ಭಕ್ತರು ಕೇಳುತ್ತಾರೆ. ಚರಕರು ಹೇಳಿದ ಮೇಧ್ಯರಸಾಯನಗಳು ನಾಲ್ಕು: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಇವನ್ನು ನಾನೂ ಕೊಡುತ್ತೇನೆ. ಆದರೆ ಡಿಮೆನ್ಶಿಯಾ ಬಾರದಂತೆ ತಡೆಯುತ್ತವೆಂದು ಭರವಸೆ ಕೊಟ್ಟು ಮಾರುವವರನ್ನು ನಂಬಬೇಡಿರಿ. ಅದಕ್ಕೂ ಮೊದಲು ರಕ್ತಪರೀಕ್ಷೆ ಆಗಲಿ. ಬಿ-12 ಜೀವಸತ್ವದ ಕೊರತೆ ಶಾಕಾಹಾರಿಗಳಾದ ನಮ್ಮಲ್ಲಿ ಹೆಚ್ಚು. ಅದೂ, ಥೈರಾಯ್ಡ್ ದೋಷವೂ, ಮನದ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಸಂಶಯ ಉಳಿದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ತೋರಿಸಬಹುದು. ವೈದ್ಯರಲ್ಲಿಗೆ ಹೋಗುವಾಗ, ಹಿರಿಯರು ಮೊದಲು ತಾವೇ ಮಾಡುತ್ತಿದ್ದು ಈಗ ಬಿಟ್ಟ ಕೆಲಸಗಳು ಯಾವುವು, ಯಾವ ತಿಂಗಳಿನಿಂದ ಬಿಟ್ಟರು, ತಾವಾಗಿ ಬಿಟ್ಟರೋ ಮನೆಯವರು ಬಿಡಿಸಿದರೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.