ಕೆಡದ ಹಾಲೂ ಕಾಣೆಯಾದ ಡಬ್ಬಿಯೂ

ಕೋಲಾರ ಸೀಮೆಯನ್ನು ಚಿನ್ನ, ರೇಷ್ಮೆ, ಹಾಲುಗಳ ನಾಡೆಂದು ಕರೆಯುವ ವಾಡಿಕೆಯುಂಟು. ಇವುಗಳಲ್ಲಿ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು, ಹಾಲು ಉಳಿದಿದೆ. ಆದರೆ ಹಾಲಿನ ನಾಡಿನಲ್ಲಿಯೂ ಹಸುವಿಲ್ಲದ ಮನೆಗಳಿವೆ, ಶೀತಕಪೆಟ್ಟಿಗೆಯಿಲ್ಲದ ಅಡಿಗೆಮನೆಗಳಿವೆ. ಅಂತಹ ಮನೆಯ ಗೃಹಿಣಿಯು ಮಾಲೂರಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಅಂಗಡಿಗೆ ಹೋಗಿ, ಬಹುಕಾಲದಿಂದ ಕೊಳ್ಳುತ್ತಿದ್ದ ಹಾಲಿನ ಪುಡಿಯ ಹೆಸರನ್ನು ಹೇಳುತ್ತಾಳೆ. “ಅದು ಈಗ ಬರುವುದಿಲ್ಲ, ಇದನ್ನು ತೆಗೆದುಕೊಂಡು ಹೋಗಿ, ಅದರಂತೆಯೇ ಇದೆ” ಎಂದು ಅಂಗಡಿಯಾತನು ಬೇರೊಂದು ಪೊಟ್ಟಣವನ್ನು ಮುಂದಿಡುತ್ತಾನೆ. ಅದರಂತೆಯೇ ಇದೆಯೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಹಾಲು ಏಕೆ ಕೆಡುತ್ತದೆ, ಅದನ್ನು ಕೆಡದಂತೆ ಇಡುವುದು ಹೇಗೆ ಎಂಬುದನ್ನು ಮೊದಲು ಅರಿಯಬೇಕು.

ಹಾಲನ್ನು ಕೆಡಿಸುವುವು ಸೂಕ್ಷ್ಮಜೀವಿಗಳು. ನಾವು ಹಾಲನ್ನು ಕಾಯಿಸುವುದು ಅವನ್ನು ಕೊಲ್ಲಲೆಂದೇ. ಕೋಲಾರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೮೨೦ ಮೀಟರುಗಳ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡವು ಕಡಮೆಯಾದುದರಿಂದ ನೀರು ೧೦೦ ಡಿಗ್ರಿಗೆ ಬದಲಾಗಿ ಸುಮಾರು ೯೭ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ಈ ಮೂರು ಡಿಗ್ರಿಗಳ ಕೊರತೆಯಿಂದ ಗೃಹಕೃತ್ಯಕ್ಕೆ ನಷ್ಟವೇನೂ ಇಲ್ಲ. ರೋಗಕಾರಕ ಜೀವಿಗಳು ಅದಕ್ಕಿಂತ ಬಹು ಕಡಮೆ ಉಷ್ಣದಲ್ಲಿಯೇ ಸಾಯುತ್ತವೆ. ಡೈರಿಗಳಲ್ಲಿ ಹಾಲನ್ನು ೭೨ ಡಿಗ್ರಿಗೆ ಹದಿನೈದು ಸೆಕೆಂಡುಗಳ ಕಾಲ ಕಾಯಿಸಿ, ಒಡನೆಯೇ ತಣಿಸುವ ಪಾಶ್ಚರೀಕರಣಕ್ಕೂ ಇದೇ ಆಧಾರ. ಆದರೆ ಕೆಲವು ಜೀವಿಗಳು ಕಷ್ಟಕಾಲದಲ್ಲಿ ಗಟ್ಟಿಯಾದ ಕವಚವನ್ನು ತೊಟ್ಟು, ಬೀಜದಂತೆ ಮಲಗಿಬಿಡುತ್ತವೆ. ಈ ಬೀಜಾಣುಗಳು ಕುದಿತಕ್ಕೆ ಜಗ್ಗುವುದಿಲ್ಲ. ಹಾಲು ಆರಿದ ಮೇಲೆ ಮೊಳೆತು ಪುನಃ ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಬೆಳಗ್ಗೆ ಕಾಯಿಸಿದ ಹಾಲನ್ನು ಸಂಜೆ ಮತ್ತೆ ಕಾಯಿಸುವ ನಮ್ಮ ಹೆಂಗಸರ ಪದ್ಧತಿಯು ಕೇವಲ ರೂಢಿಯಲ್ಲ.

ಬೀಜಾಣುಗಳನ್ನು ಕೊಲ್ಲಲು ೧೨೦ ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕೆಂದು ಇಟ್ಟುಕೊಳ್ಳೋಣ. ಹಾಲೇನೋ ಕೆಡದಂತಾಗುತ್ತದೆ, ಆದರೆ ಅದರ ಸಕ್ಕರೆಯೂ ಸಸಾರಜನಕವೂ ಪರಸ್ಪರ ಸಂಯೋಗಹೊಂದಿ ಬಣ್ಣವು ಕೆಂಪಾಗಿ, ಖೋವದ ವಾಸನೆ ಬರುತ್ತದೆ. ಇಲ್ಲಿ ಪ್ರಕೃತಿಯ ಒಂದು ಸ್ವಾರಸ್ಯವು ನಮಗೆ ಸಹಾಯಕವಾಗಿದೆ. ಉಷ್ಣಮಾನವು ಹತ್ತು ಡಿಗ್ರಿ ಏರಿದಂತೆಲ್ಲ ಬೀಜಾಣುಗಳ ಸಾವಿನ ವೇಗವು ಸುಮಾರು ಹತ್ತರಷ್ಟಾಗುತ್ತದೆ. ಹಾಲು ಕೆಂಪಾಗುವ ವೇಗವಾದರೋ ಹೆಚ್ಚೆಂದರೆ ಮೂರರಷ್ಟಾಗುತ್ತದೆ. ಆದುದರಿಂದ ೧೪೦ ಡಿಗ್ರಿಯಲ್ಲಿ ಬೀಜಾಣುಗಳು ನೂರುಪಾಲು ಬೇಗ ಸಾಯುತ್ತವೆ. ೬೦೦ ಸೆಕೆಂಡುಗಳ ಕೆಲಸವು ಆರೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕೆಂಪಾಗುವ ವೇಗವು ಒಂಬತ್ತುಪಾಲು ಹೆಚ್ಚಿದ್ದರೂ ಅದಕ್ಕೆ ದೊರೆತ ಅವಕಾಶವು ಆರು ಸೆಕೆಂಡು ಮಾತ್ರ. ಲೆಕ್ಕ ಹಾಕಿದರೆ, ಹಾಲಿಗೆ ತಗಲುವ ಹಾನಿ ಮೊದಲಿನದರ ಹನ್ನೊಂದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅತ್ಯುಚ್ಚ ಉಷ್ಣದಲ್ಲಿ ಕ್ಷಣಕಾಲ ಕಾಯಿಸುವ ಈ ಕ್ರಮವನ್ನೇ ಯು.ಎಚ್.ಟಿ. ಎಂದು ಪೊಟ್ಟಣಗಳ ಮೇಲೆ ಮುದ್ರಿಸಿರುತ್ತಾರೆ.

ಹೀಗೆ ಕಾಯಿಸಿದ ಹಾಲನ್ನು, ಗಾಳಿ ಬೆಳಕುಗಳು ಹೊಗದಂತೆ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ತಗಡುಗಳ ಪದರಗಳಿಂದಾದ ಚೀಲದಲ್ಲಿ ತುಂಬುತ್ತಾರೆ. ಕೋಲಾರದ ಹಾಲು ಒಕ್ಕೂಟವು ನಂದಿನಿಯ ‘ಗುಡ್‌ಲೈಫ್’ ಹಾಲನ್ನು ತಯಾರಿಸುವುದು ಈ ವಿಧಾನದಿಂದಲೇ. ಒಡೆಯದಿರುವವರೆಗೆ ಅದಕ್ಕೆ ಶೈತ್ಯವು ಬೇಡ. ಒಡೆದ ಬಳಿಕ ಅದೂ ಸಾಧಾರಣ ಹಾಲೇ. ಶೀತಕಪೆಟ್ಟಿಗೆಯಿಲ್ಲದವರು ದೊಡ್ಡ ಚೀಲದ ಆಸೆಗೆ ಬೀಳದೆ, ಒಂದು ದಿನಕ್ಕೆ ಸಾಲುವ ಚಿಕ್ಕ ಪೊಟ್ಟಣವನ್ನು ಕೊಳ್ಳುವುದು ಲೇಸು. ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಬಂದುದು ೧೯೦೨ರಲ್ಲಿ. ಹಾಲಿನ ಪಾತ್ರೆಯವರೆಗೆ ಅದು ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಹಾಲಿನ ಪುಡಿಯ ತತ್ತ್ವವೇ ಬೇರೆ. ಅಲ್ಲಿ ಜೀವಿಗಳನ್ನೆಲ್ಲ ಕೊಲ್ಲುವುದಿಲ್ಲ; ಅವಕ್ಕೆ ಬೇಕಾದ ನೀರನ್ನೇ ಕಸಿದುಕೊಳ್ಳುತ್ತಾರೆ. ೨೦೧೩ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮುಳಬಾಗಿಲಿನ ಶಾಲೆಯ ಮಗುವಿಗೆ ದೊರೆಯುವ ೧೫೦ ಮಿಲಿಲೀಟರ್ ಹಾಲು, ೧೮ ಗ್ರಾಂ ಪುಡಿಯಿಂದ ಆದುದು. ತುಪ್ಪ ಕೆಡದಿರುವುದಕ್ಕೂ ನೀರಿನ ಅಭಾವವೇ ಕಾರಣ. ಸಿಹಿ ಮಂದಹಾಲಿನಲ್ಲಿ ನೀರಿದ್ದರೂ ಸಕ್ಕರೆಯು ಅದನ್ನು ಹಿಡಿದಿಟ್ಟುಕೊಂಡು ಜೀವಿಗಳಿಗೆ ಬಿಟ್ಟುಕೊಡುವುದಿಲ್ಲ.

ಇನ್ನು ಕಾಣೆಯಾದ ಸರಕಿನ ವಿಚಾರ. ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಎಣ್ಣೆ ತೆಗೆದ ಕಡಲೆಕಾಯಿಯಿಂದ ಸಸಾರಜನಕವನ್ನು ಬೇರ್ಪಡಿಸಿ, ಎಮ್ಮೆಯ ಹಾಲಿಗೆ ಬೆರಸಿ ‘ಮಿಲ್ಟೋನ್’ ಎಂಬ ಪಾನೀಯವನ್ನು ರೂಪಿಸಿದರು. ಹಾಲು ದುರ್ಲಭವಾಗಿದ್ದ ಕಾಲವದು. ಇದ್ದ ಹಾಲನ್ನೇ ಹೆಚ್ಚು ಮಕ್ಕಳಿಗೆ ಹಂಚುವುದು ಅದರ ಉದ್ದೇಶ. ೧೯೭೦ರ ದಶಕದಲ್ಲಿ ಬೆಂಗಳೂರಿನಲ್ಲಿ ಅದು ತಯಾರಾಗುತ್ತಿತ್ತು. ಮುಂದೆ ಸಹಕಾರ ಸಂಘಗಳ ಮೂಲಕ ಹಾಲು ಹೆಚ್ಚಿತು, ಮಿಲ್ಟೋನ್ ಮರೆಯಾಯಿತು. ಇಂದು ಅದನ್ನು ಹುಡುಕಿದರೆ ಹೆಸರು ಸಿಕ್ಕದು. ಅದರ ಗುಣವು ಸಿಕ್ಕೀತು.

ಹುಡುಕುವ ಮಾರ್ಗವೂ ಇದೇ. ಹಳೆಯ ಡಬ್ಬಿಯನ್ನು ಎಸೆಯದೆ ಅದರ ಮೇಲಿನ ಬರಹವನ್ನು ಓದಬೇಕು. ಅದು ಕೆನೆಸಹಿತ ಹಾಲಿನ ಪುಡಿಯೆ, ಕೆನೆ ತೆಗೆದುದೆ? ಸಕ್ಕರೆ ಬೆರೆತಿದೆಯೆ? ಜಿಡ್ಡು ಹಾಲಿನದೆ, ಸಸ್ಯದ್ದೆ? ಆಹಾರ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯೂ ತಯಾರಕರ ವಿಳಾಸವೂ ಅಲ್ಲಿರುತ್ತವೆ. ಅನೇಕ ಸಲ ಅದೇ ವಸ್ತುವು ಹೊಸ ಹೆಸರಿನಿಂದ ಅದೇ ವಿಳಾಸದಿಂದ ಬರುತ್ತಿರುತ್ತದೆ. ನಿಂತುಹೋದ ಸರಕಿನ ಉಳಿದ ಡಬ್ಬಿ ಮೂಲೆಯಲ್ಲಿ ಸಿಕ್ಕಿತೆಂದು ಹಿಗ್ಗುವ ಮುನ್ನ ಅದರ ಅವಧಿಯ ದಿನಾಂಕವನ್ನು ನೋಡಬೇಕು. ‘ಡೈರಿ ವೈಟ್ನರ್’ ಎಂಬುದು ಸಾಮಾನ್ಯವಾಗಿ ಸಕ್ಕರೆ ಬೆರೆಸಿದ ಹಾಲಿನ ಪುಡಿ, ಕಾಫಿಗೆ ಅಡ್ಡಿಯಿಲ್ಲ.

ಆದರೆ ಕಾಣೆಯಾದುದು ಹಸುಗೂಸಿನ ಆಹಾರವಾಗಿದ್ದರೆ ಮೇಲಿನ ಯಾವ ಉಪಾಯವೂ ಸಲ್ಲದು. ಒಂದು ವರ್ಷ ತುಂಬದ ಮಗುವಿಗೆ ವೈಟ್ನರನ್ನಾಗಲಿ ಮಂದಹಾಲನ್ನಾಗಲಿ ಸಸ್ಯಹಾಲನ್ನಾಗಲಿ ಬದಲಿಯಾಗಿ ಕೊಟ್ಟರೆ, ಹೊಟ್ಟೆ ತುಂಬಿದರೂ ಮಗು ಸೊರಗುತ್ತದೆ. ತಾಯಿಯ ಹಾಲೇ ಶ್ರೇಷ್ಠವೆಂಬ ಎಚ್ಚರಿಕೆಯನ್ನು ಶಿಶು ಆಹಾರದ ಡಬ್ಬಿಯ ಮೇಲೆ ಮುದ್ರಿಸಲೇಬೇಕೆಂದು ೧೯೯೨ರ ಶಾಸನವು ವಿಧಿಸಿದೆ. ಆ ಮಾತಿಲ್ಲದ ಪುಡಿಯು ಶಿಶು ಆಹಾರವಲ್ಲ. ಅಂಗಡಿಯಾತನು ಎಷ್ಟೇ ಆಪ್ತನಾಗಿರಲಿ, ಇಲ್ಲಿ ಕೇಳಬೇಕಾದುದು ವೈದ್ಯರನ್ನು.

ಹಾಲು ಒಗ್ಗದ ದೊಡ್ಡವರಿಗೆ ನಮ್ಮ ಹೊಲದಲ್ಲಿಯೇ ಬದಲಿಗಳಿವೆ. ಸೋಯಾ ಅವರೆಯನ್ನು ನೆನೆಸಿ, ರುಬ್ಬಿ, ಸೋಸಿ, ಚೆನ್ನಾಗಿ ಕುದಿಸಿದ ಹಾಲಿನಲ್ಲಿ ಸಸಾರಜನಕವು ಹೇರಳ. ಕುದಿಸದಿದ್ದರೆ ಅದರಲ್ಲಿನ ಒಂದು ಪದಾರ್ಥವು ಜೀರ್ಣಕ್ರಿಯೆಗೆ ಅಡ್ಡಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು ೧೨೦ರ ಸುತ್ತಮುತ್ತ. ಆದರೆ ಒಂದು ಲೋಟ ಗಂಜಿಗೆ ನೂರು ಗ್ರಾಂ ಹಿಟ್ಟನ್ನು ಯಾರೂ ಹಾಕುವುದಿಲ್ಲ. ರಾಗಿಯ ಸುಣ್ಣವೆಲ್ಲವೂ ದೇಹಕ್ಕೆ ದಕ್ಕುವುದೂ ಇಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಲ್ಲಿ ದಕ್ಕುವ ಪಾಲು ಹೆಚ್ಚು. ತೇವ ತಗಲದಂತೆ ಮುಚ್ಚಳ ಬಿಗಿದಿಟ್ಟರೆ ಈ ಹಿಟ್ಟು ಕೆಲವು ವಾರಗಳ ಕಾಲ ಚೆನ್ನಾಗಿಯೇ ಇರುತ್ತದೆ.