ಕ್ಷಣದ ವೇಗ: ಅವಕಲನವನ್ನು ಕೈಯಿಂದ ಕಲಿಯುವ ಬಗೆ



ನಮ್ಮ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಗಣಿತದ ಪಾಠ ನಡೆಯುತ್ತದೆ. ಬರುವವರು ಹಗಲೆಲ್ಲ ಲೇತ್ ಯಂತ್ರದ ಮುಂದೆ ನಿಂತು ರಾತ್ರಿ ಡಿಪ್ಲೊಮಾ ಓದುವ ತರುಣರು. ಮಗಳಿಗೆ ಹೇಳಿಕೊಡುವ ಮೊದಲು ಅವಳ ಪುಸ್ತಕವನ್ನು ತಾವು ತಿಳಿಯಬೇಕೆನ್ನುವ ಗುಮಾಸ್ತರು. ಮೊದಲ ದಿನ ನಾವು ಒಂದು ತಪ್ಪು ಮಾಡಿದೆವು. ಹಲಗೆಯ ಮೇಲೆ ‘ಅವಕಲನ, ಅಂದರೆ ಡಿಫರೆನ್ಸಿಯೇಶನ್’ ಎಂದು ಬರೆದು, ಕೆಳಗೆ ಸೂತ್ರಗಳ ಪಟ್ಟಿಯನ್ನೇ ಇಳಿಸಿಬಿಟ್ಟೆವು. ಒಂಬತ್ತು ಮಂದಿಯಲ್ಲಿ ನಾಲ್ವರು ಮರುದಿನ ಬರಲಿಲ್ಲ. ಬಂದವರಲ್ಲೊಬ್ಬರು, “ಸೂತ್ರ ಬಾಯಿಪಾಠ ಐತ್ರಿ ಸರ. ಎರಡು ಸಲ ಪರೀಕ್ಷಾಕ್ಕ ಕುಂತೆ, ಎರಡೂ ಸಲ ನಪಾಸಾದೆ. ಅದು ಏನ ಹೇಳತೈತಿ ಅಂತ ಯಾರೂ ಹೇಳಲಿಲ್ಲ” ಎಂದರು. ಆ ಮಾತು ನಮಗೆ ನಾಟಿತು. ಅಂದಿನಿಂದ ಕ್ರಮವನ್ನು ತಿರುಗಿಸಿದೆವು: ಮೊದಲು ಕೈಕೆಲಸ, ಆಮೇಲೆ ಸೂತ್ರ. ಹಾಗೆ ಮಾಡಿಸಿದ ಮೂರು ಚಟುವಟಿಕೆಗಳನ್ನು ಇಲ್ಲಿ ಕೊಡುತ್ತೇವೆ.

೧. ಲೋಕಲ್ ಗಾಡಿ

ದಾದರದಿಂದ ಗಾಡಿ ಹೊರಟಿತು. ಹೊರಟು ೧೦ ಸೆಕೆಂಡಾದ ಆ ಕ್ಷಣದಲ್ಲಿ ಅದರ ವೇಗವೆಷ್ಟು? ದೂರವನ್ನು ಕಾಲದಿಂದ ಭಾಗಿಸಬೇಕೆಂದು ಎಲ್ಲರೂ ಬಲ್ಲರು. ಆದರೆ ಒಂದು ಕ್ಷಣದಲ್ಲಿ ಗಾಡಿ ಸಾಗುವ ದೂರ ಸೊನ್ನೆ, ಕಾಲವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದೆಂತು? ತೊಡಕು ಇರುವುದು ಇಲ್ಲಿಯೇ.

ಪಾಠಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಸೆಕೆಂಡುಗಳ ವರ್ಗದ ಕಾಲು ಪಾಲಿನಷ್ಟು ಮೀಟರುಗಳನ್ನು ಗಾಡಿ ಸಾಗಿರುತ್ತದೆ. ೧೦ ಸೆಕೆಂಡಿಗೆ ೨೫ ಮೀಟರು, ೧೨ ಸೆಕೆಂಡಿಗೆ ೩೬ ಮೀಟರು. ಆ ಎರಡು ಸೆಕೆಂಡಿನ ಸರಾಸರಿ ವೇಗ ೫.೫. ಈಗ ಒಬ್ಬೊಬ್ಬರಿಗೆ ಒಂದೊಂದು ಅವಧಿಯನ್ನು ಹಂಚಬೇಕು. ೧೦ರಿಂದ ೧೧ರವರೆಗೆ ಲೆಕ್ಕ ಹಾಕಿದವರಿಗೆ ೫.೨೫ ಬರುತ್ತದೆ, ೧೦ರಿಂದ ೧೦.೧ರವರೆಗೆ ೫.೦೨೫, ೧೦ರಿಂದ ೧೦.೦೧ರವರೆಗೆ ೫.೦೦೨೫. ಉತ್ತರಗಳನ್ನು ಒಂದರ ಕೆಳಗೊಂದು ಬರೆದೊಡನೆ, ನಾವು ಬಾಯಿ ತೆರೆಯುವ ಮೊದಲೇ ಎಲ್ಲರೂ “ಐದು” ಎನ್ನುತ್ತಾರೆ. ಅವಧಿಯನ್ನು ಸೊನ್ನೆ ಮಾಡಲಿಲ್ಲ, ಕಿರಿದು ಮಾಡುತ್ತ ಹೋದೆವು. ವೇಗ ಸೆಕೆಂಡಿಗೆ ೫ ಮೀಟರಿನತ್ತ, ಅಂದರೆ ಗಂಟೆಗೆ ೧೮ ಕಿಲೋಮೀಟರಿನತ್ತ ಸರಿಯಿತು. ಅದೇ ಆ ಕ್ಷಣದ ವೇಗ.

೨. ಚೌಕದ ಕಾಗದ

ಗ್ರಾಫ್ ಕಾಗದದಲ್ಲಿ ೧೦ ಸೆಂಟಿಮೀಟರಿನ ಚೌಕವನ್ನು ಬರೆದು, ಬಲಕ್ಕೂ ಮೇಲಕ್ಕೂ ಒಂದೊಂದು ಮಿಲಿಮೀಟರು ಬೆಳೆಸಿರಿ. ಹೊಸದಾಗಿ ಸೇರಿದ್ದೇನು? ಎರಡು ಉದ್ದ ಪಟ್ಟಿಗಳು, ಒಂದೊಂದೂ ೧ ಚದರ ಸೆಂಟಿಮೀಟರು. ಮೂಲೆಯಲ್ಲೊಂದು ಪುಟ್ಟ ಚೌಕ, ಬರಿಯ ೦.೦೧. ಪಟ್ಟಿಗಳಿಗೆ ಬಣ್ಣ ಬಳಿಸಿದರೆ ಮೂಲೆಯ ಅಲ್ಪತನ ಕಣ್ಣಿಗೇ ಕಾಣುತ್ತದೆ.

ಈಗ ಬೀಜಗಣಿತ. ಬಾಹು ಕ್ಷ, ಬೆಳೆದದ್ದು ಹ ಎನ್ನೋಣ. ಸೇರಿದ ವಿಸ್ತೀರ್ಣ ೨ ಕ್ಷ ಹ, ಅದರ ಮೇಲೆ ಹ ವರ್ಗ. ಹ-ದಿಂದ ಭಾಗಿಸಿದರೆ ೨ ಕ್ಷ + ಹ. ಮೊದಲು ಭಾಗಿಸಬೇಕು, ಆಮೇಲೆ ಹ-ವನ್ನು ಕಿರಿದು ಮಾಡಬೇಕು. ಈ ಕ್ರಮ ತಪ್ಪಿದರೆ ಹಳೆಯ ಸೊನ್ನೆಯ ಗೋಜಲಿಗೇ ಬೀಳುತ್ತೇವೆ. ಉಳಿಯುವುದು ೨ ಕ್ಷ. ಆ ‘೨’ ಎಂದರೆ ಎರಡು ಪಟ್ಟಿಗಳು. ಘನಾಕೃತಿಯಾದರೆ ಮೂರು ಮುಖಗಳ ಮೇಲೆ ಮೂರು ಹಲಗೆಗಳು ಕೂಡುತ್ತವೆ. ಆದ್ದರಿಂದ ೩ ಕ್ಷ ವರ್ಗ. ಗಾಡಿಯ ಲೆಕ್ಕವೂ ಇದರಿಂದಲೇ ತಾಳೆಯಾಗುತ್ತದೆ: ವರ್ಗದ ಕಾಲು ಪಾಲೆಂದರೆ ವೇಗ ಸೆಕೆಂಡುಗಳ ಅರ್ಧ, ೧೦ಕ್ಕೆ ೫.

೩. ರಟ್ಟಿನ ಪೆಟ್ಟಿಗೆ

೧೨ ಸೆಂಟಿಮೀಟರಿನ ಚೌಕದ ರಟ್ಟಿನ ನಾಲ್ಕು ಮೂಲೆಗಳಿಂದ ಸಮನಾದ ಚೌಕಗಳನ್ನು ಕತ್ತರಿಸಿ, ಅಂಚು ಮಡಿಸಿ, ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿರಿ. ಎಷ್ಟು ಕತ್ತರಿಸಿದರೆ ಹೆಚ್ಚು ಅಕ್ಕಿ ಹಿಡಿದೀತು? ೧ ಸೆಂಟಿಮೀಟರು ಕತ್ತರಿಸಿದರೆ ೧೦೦ ಘನ ಸೆಂಟಿಮೀಟರು, ೨ ಕತ್ತರಿಸಿದರೆ ೧೨೮, ೩ ಕತ್ತರಿಸಿದರೆ ೧೦೮. ಅಕ್ಕಿ ಸುರಿದು ನೋಡಿದರೂ ಅಷ್ಟೇ. ಏರಿಕೆ ನಿಂತು ಇಳಿಕೆ ಇನ್ನೂ ಆರಂಭವಾಗದ ಶಿಖರದಲ್ಲಿ ಬದಲಾವಣೆಯ ದರ ಸೊನ್ನೆ. ಘನಫಲ ೧೪೪ ಕ್ಷ - ೪೮ ಕ್ಷ ವರ್ಗ + ೪ ಕ್ಷ ಘನ. ಅವಕಲಿಸಿದರೆ ೧೪೪ - ೯೬ ಕ್ಷ + ೧೨ ಕ್ಷ ವರ್ಗ. ಇದು ಸೊನ್ನೆಯಾಗುವುದು ಕ್ಷ ೨ ಅಥವಾ ೬ ಆದಾಗ. ೬ ಕತ್ತರಿಸಿದರೆ ರಟ್ಟೇ ಉಳಿಯದು, ಆದ್ದರಿಂದ ೨.

ಈ ವಿದ್ಯೆ ನಮಗೆ ತೀರ ಪರಕೀಯವಲ್ಲ. ೧೧೫೦ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಎಂದರೆ ಆಯಾ ಕ್ಷಣದ ವೇಗವನ್ನು, ವಿಚಾರಿಸಿದ್ದಾರೆ. ಅದನ್ನು ಸಮಗ್ರ ಶಾಸ್ತ್ರವಾಗಿ ಕಟ್ಟಿದವರು ಹದಿನೇಳನೆಯ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್.

ಎರಡು ಸಲ ನಪಾಸಾದ ನಮ್ಮ ಗೆಳೆಯರು ಮೂರನೆಯ ಸಲ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ. ಫಲ ಏನೇ ಬರಲಿ, ಮೊನ್ನೆ ಹೊಸಬರೊಬ್ಬರಿಗೆ ಆ ಎರಡು ಪಟ್ಟಿಗಳನ್ನು ಬರೆದು ತೋರಿಸಿದವರು ಅವರೇ. ಬಿಟ್ಟುಹೋದ ನಾಲ್ವರೂ ಇದನ್ನು ಓದಿದರೆ ಮರಳಿ ಬರಲಿ. ತಪ್ಪು ನಮ್ಮದು, ಅವರದಲ್ಲ.

ಅಭ್ಯಾಸ: ೧೮ ಸೆಂಟಿಮೀಟರಿನ ರಟ್ಟಾದರೆ ಎಷ್ಟು ಕತ್ತರಿಸಬೇಕು? (ಉತ್ತರ: ೩ ಸೆಂಟಿಮೀಟರು. ಮೊದಲು ಪೆಟ್ಟಿಗೆ ಮಾಡಿ, ಆಮೇಲೆ ಉತ್ತರ ನೋಡಿರಿ.)