ಖಳನ ಬಯಕೆ ಮತ್ತು ದುರಂತ ಪ್ರಣಯ: 'ಇನುಯಾಶಾ' ಮಾಂಗಾವನ್ನು ಕುರಿತ ಒಂದು ವಿವೇಚನೆ

ಜಪಾನಿನ ಚಿತ್ರಕಥನ ಪ್ರಕಾರವಾದ 'ಮಾಂಗಾ'ವನ್ನು ಕಾವ್ಯ, ಕಾದಂಬರಿ, ನಾಟಕಗಳ ಸಾಲಿನಲ್ಲಿಟ್ಟು ಓದುವ ರೂಢಿ ಕನ್ನಡ ಅಧ್ಯಯನ ಕ್ಷೇತ್ರದಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಮಕ್ಕಳ ಮನರಂಜನೆಯೆಂಬ ಪೂರ್ವಗ್ರಹವೇ ಇದಕ್ಕೆ ಮುಖ್ಯ ಕಾರಣ. ಆದರೆ ದೀರ್ಘಕಾಲ ಧಾರಾವಾಹಿಯಾಗಿ ಹರಿದುಬಂದ ಕೆಲವು ಮಾಂಗಾಗಳು ಖಳಪಾತ್ರದ ನಿರ್ಮಾಣದಲ್ಲಿಯೂ ದುರಂತ ಪ್ರಣಯದ ನಿರೂಪಣೆಯಲ್ಲಿಯೂ ತೋರುವ ಸೂಕ್ಷ್ಮತೆ ಗಂಭೀರ ವಿವೇಚನೆಗೆ ಅರ್ಹವಾದುದು. ಈ ಪ್ರಕಾರದ ಅಭಿಮಾನಿ ಓದುಗರು ಖಳನನ್ನೂ ಪ್ರೇಮಿಗಳನ್ನೂ ಕುರಿತು ತಮ್ಮತಮ್ಮಲ್ಲಿ ನಡೆಸುವ ವಾದಗಳು ಸಹ ರಸಮೀಮಾಂಸೆಯ ಹಳೆಯ ಪ್ರಶ್ನೆಗಳನ್ನೇ ಬೇರೆ ಮಾತಿನಲ್ಲಿ ಎತ್ತುತ್ತವೆ. ರುಮಿಕೊ ತಕಾಹಾಶಿಯವರ 'ಇನುಯಾಶಾ'ವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1957ರಲ್ಲಿ ನಿಗಾತಾದಲ್ಲಿ ಜನಿಸಿದ ತಕಾಹಾಶಿಯವರು ಅದಕ್ಕೆ ಮೊದಲು ಪ್ರಣಯ ಮತ್ತು ಹಾಸ್ಯಪ್ರಧಾನ ಕೃತಿಗಳಿಂದ ಹೆಸರಾದವರು. 'ಇನುಯಾಶಾ' 1996ರಿಂದ 2008ರವರೆಗೆ ಶೋಗಾಕುಕಾನ್ ಸಂಸ್ಥೆಯ 'ಶೋನೆನ್ ಸಂಡೇ' ವಾರಪತ್ರಿಕೆಯಲ್ಲಿ 558 ಅಧ್ಯಾಯಗಳಾಗಿ ಪ್ರಕಟವಾಗಿ, 56 ಸಂಪುಟಗಳಲ್ಲಿ ಪುಸ್ತಕರೂಪ ಪಡೆಯಿತು. ಆಧುನಿಕ ಟೋಕಿಯೊದ ಹದಿನೈದರ ಬಾಲಕಿ ಕಾಗೊಮೆ ತನ್ನ ಮನೆಯ ದೇಗುಲದ ಹಾಳುಬಾವಿಯ ಮೂಲಕ ಅಂತರ್ಯುದ್ಧಗಳ ಕಾಲದ ಜಪಾನಿಗೆ ಹೋಗಿ ಬೀಳುತ್ತಾಳೆ. ಅಲ್ಲಿ ಬಾಣವೊಂದರಿಂದ ಮರಕ್ಕೆ ನಾಟಿಕೊಂಡು ಐವತ್ತು ವರ್ಷಗಳಿಂದ ನಿದ್ರಿಸುತ್ತಿರುವವನು ಇನುಯಾಶಾ. ತಂದೆ ಶ್ವಾನರೂಪಿ ಪಿಶಾಚ, ತಾಯಿ ಮಾನವಳು. ಬಾಣ ಬಿಟ್ಟವಳು ಅವನ ಪ್ರೇಯಸಿಯೇ ಆಗಿದ್ದ ದೇಗುಲದ ಅರ್ಚಕಿ ಕಿಕ್ಯೊ. ಕಥೆ ಆರಂಭವಾಗುವ ಹೊತ್ತಿಗೆ ದುರಂತ ಮುಗಿದುಹೋಗಿದೆ. ಓದುಗನಿಗೆ ದೊರೆಯುವುದು ಅದರ ಬೂದಿ ಮಾತ್ರ. ಮುಂದಿನ ನೂರಾರು ಅಧ್ಯಾಯಗಳು ಆ ಬೂದಿಯನ್ನು ಕೆದಕುತ್ತ ಹೋಗುತ್ತವೆ.

ಪಾತ್ರಗಳ ಹೆಸರುಗಳಲ್ಲಿಯೇ ಕನ್ನಡದ ಓದುಗನಿಗೆ ಪರಿಚಿತವಾದ ಕೆಲವು ಎಳೆಗಳಿವೆ. 'ಇನು' ಎಂದರೆ ನಾಯಿ. 'ಯಾಶಾ' ಎಂಬುದು ಸಂಸ್ಕೃತದ 'ಯಕ್ಷ' ಶಬ್ದವು ಬೌದ್ಧ ಗ್ರಂಥಗಳ ಚೀನೀ ಅನುವಾದಗಳ ದಾರಿಯಾಗಿ ಜಪಾನನ್ನು ಸೇರಿ ಪಡೆದ ರೂಪ. ಜೈನಕಾವ್ಯಗಳ ಯಕ್ಷನ ರಕ್ಷಕಗುಣಕ್ಕಿಂತ ಅಲ್ಲಿಯ ಯಾಶಾನಲ್ಲಿ ಉಗ್ರತೆ ಹೆಚ್ಚು. ಖಳನ ಹೆಸರು 'ನರಾಕು'. ಇದು 'ನರಕ' ಶಬ್ದವೇ. ಜಪಾನಿನ ಕಾಬುಕಿ ರಂಗಭೂಮಿಯಲ್ಲಿ ರಂಗಮಂಚದ ಕೆಳಗಿನ ನೆಲಮಾಳಿಗೆಯನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ವೇದಿಕೆಯನ್ನು ತಿರುಗಿಸುವ, ನಟನನ್ನು ಮೇಲೆತ್ತುವ ಯಂತ್ರಗಳು ಇರುವುದು ಅಲ್ಲಿ. ಪ್ರೇಕ್ಷಕನಿಗೆ ಕಾಣದಂತೆ ಕೆಳಗಿನಿಂದ ಆಟ ಆಡಿಸುವ ಖಳನಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ.

ನರಾಕು ಹುಟ್ಟಿನಿಂದ ರಾಕ್ಷಸನಲ್ಲ ಎಂಬುದು ಇಲ್ಲಿ ಮುಖ್ಯ. ಒನಿಗುಮೊ ಎಂಬ ದರೋಡೆಕೋರನು ಮೈಯೆಲ್ಲ ಸುಟ್ಟು, ಕಾಲು ಮುರಿದು, ಕದಲಲಾಗದೆ ಗುಹೆಯೊಂದರಲ್ಲಿ ಬಿದ್ದಿರುತ್ತಾನೆ. ಕಿಕ್ಯೊ ಅವನನ್ನು ಕಂಡು ದಿನವೂ ಬಂದು ಶುಶ್ರೂಷೆ ಮಾಡುತ್ತಾಳೆ. ಆ ಶುಶ್ರೂಷೆಯಲ್ಲಿ ಅವನು ಕಂಡದ್ದು ಕರುಣೆಯನ್ನಲ್ಲ, ತನ್ನದಾಗಬೇಕಾದ ಒಂದು ದೇಹವನ್ನು. ಅವಳನ್ನು ಪಡೆಯಲು ಕದಲಬಲ್ಲ ಶರೀರ ಬೇಕೆಂದು ತನ್ನನ್ನೇ ಪಿಶಾಚಗಳಿಗೆ ಒಪ್ಪಿಸಿಕೊಳ್ಳುತ್ತಾನೆ. ಅವು ಅವನನ್ನು ತಿಂದು ಒಂದಾಗಿ ಹುಟ್ಟಿದವನೇ ನರಾಕು. ಈ ವೃತ್ತಾಂತವನ್ನು ತಕಾಹಾಶಿಯವರು ನೇರವಾಗಿ ತೋರಿಸದೆ, ಆಗ ಬಾಲಕಿಯಾಗಿದ್ದ ಕಿಕ್ಯೊಳ ತಂಗಿ ಕಾಯೆದೆ ಮುದುಕಿಯಾದ ಮೇಲೆ ನೆನಪಿಸಿಕೊಂಡು ಹೇಳುವಂತೆ ಮಾಡಿದ್ದಾರೆ. ಗುಹೆಯ ಕತ್ತಲಿನಲ್ಲಿ ಕಟ್ಟುಬಟ್ಟೆಗಳ ನಡುವಿನಿಂದ ನೋಡುವ ಕಣ್ಣು ಮಾತ್ರ ಓದುಗನಿಗೆ ಕಾಣುತ್ತದೆ.

ಪಡೆಯಲಾಗದ ಸ್ತ್ರೀಯನ್ನು ಬಯಸಿ ವಿಕಾರಗೊಳ್ಳುವ ಪುರುಷನ ಕಥೆ ಜಪಾನಿನ ಪರಂಪರೆಗೆ ಹೊಸತಲ್ಲ. ನೋ ನಾಟಕವಾದ 'ಆಯಾ ನೊ ತ್ಸುಜುಮಿ'ಯಲ್ಲಿ ಅರಮನೆಯ ಮುದಿ ತೋಟಗಾರನೊಬ್ಬನು ರಾಣಿವಾಸದ ಹೆಣ್ಣನ್ನು ಮೋಹಿಸುತ್ತಾನೆ. ರೇಷ್ಮೆ ಹೊದಿಸಿದ, ಸದ್ದು ಮಾಡದ ಮದ್ದಳೆಯೊಂದನ್ನು ಬಾರಿಸಲು ಅವನಿಗೆ ಹೇಳಲಾಗುತ್ತದೆ. ಅವಮಾನಗೊಂಡು ಕೊಳದಲ್ಲಿ ಮುಳುಗಿ ಸತ್ತವನು ಸೇಡಿನ ಪ್ರೇತವಾಗಿ ಮರಳುತ್ತಾನೆ. ಆದರೆ ಒಂದು ವ್ಯತ್ಯಾಸವುಂಟು. ತೋಟಗಾರನನ್ನು ಅಪಹಾಸ್ಯ ಮಾಡಲಾಯಿತು. ಒನಿಗುಮೊಗೆ ಉಪಚಾರ ದೊರಕಿತು. ಅನ್ಯಾಯಕ್ಕೊಳಗಾದವನ ಸೇಡು ಎಂಬ ಸಮರ್ಥನೆಯನ್ನು ತಕಾಹಾಶಿಯವರು ತಮ್ಮ ಖಳನಿಗೆ ಮೊದಲೇ ನಿರಾಕರಿಸಿದ್ದಾರೆ.

ಇನ್ನು ದುರಂತದ ಘಟನೆ. ನಾಲ್ಕು ಆತ್ಮಗಳ ಮಣಿಯೊಂದನ್ನು ಕಾಯುವ ಹೊಣೆ ಕಿಕ್ಯೊಳದು. ಆ ಮಣಿಯಿಂದ ಇನುಯಾಶಾನನ್ನು ಪೂರ್ಣ ಮನುಷ್ಯನನ್ನಾಗಿಸಿದರೆ ಮಣಿಯೂ ಇಲ್ಲವಾಗುತ್ತದೆ, ತಾನೂ ಸಾಮಾನ್ಯ ಹೆಣ್ಣಾಗುತ್ತೇನೆ ಎಂಬುದು ಅವಳ ಆಸೆ. ಇಬ್ಬರೂ ಸೇರಬೇಕಾಗಿದ್ದ ಮುಂಜಾನೆ ನರಾಕು ಇನುಯಾಶಾನ ರೂಪ ತಾಳಿ ಕಿಕ್ಯೊಳನ್ನು ಇರಿಯುತ್ತಾನೆ. ಕಿಕ್ಯೊಳ ರೂಪ ತಾಳಿ ಇನುಯಾಶಾನ ಮೇಲೆ ಬಾಣ ಬಿಡುತ್ತಾನೆ. ವಂಚಿತಳಾದೆನೆಂದು ನಂಬಿದ ಕಿಕ್ಯೊ ಅವನನ್ನು ಮರಕ್ಕೆ ನಾಟಿಸಿ, ಮಣಿಯನ್ನು ತನ್ನ ಶವದೊಡನೆ ಸುಡಬೇಕೆಂದು ಹೇಳಿ ಪ್ರಾಣಬಿಡುತ್ತಾಳೆ.

'ಒಥೆಲೊ' ನಾಟಕದ ಇಯಾಗೊಗೆ ಒಂದು ಕರವಸ್ತ್ರದ ಸಾಕ್ಷ್ಯ ಬೇಕಾಯಿತು. ನರಾಕು ದೇಹವನ್ನೇ ಸಾಕ್ಷ್ಯವಾಗಿಸುತ್ತಾನೆ. ಆದರೂ ಪ್ರೇಮಿಗಳು ಅಷ್ಟು ಬೇಗ ನಂಬಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅಭಿಮಾನಿ ಓದುಗರಲ್ಲಿ ಕೆಲವರು ಇದನ್ನು ಕಥನದ ದೋಷವೆಂದು ಬಗೆದಿರುವುದುಂಟು. ಈ ಆಕ್ಷೇಪ ನಿಲ್ಲುವಂಥದಲ್ಲ. ಮನುಷ್ಯರಿಗೂ ಪಿಶಾಚಗಳಿಗೂ ಬೇಡವಾದ ಅರೆಜೀವಿ ಅವನು. ದೌರ್ಬಲ್ಯ ತೋರುವ ಹಕ್ಕೇ ಇಲ್ಲದ ಅರ್ಚಕಿ ಅವಳು. ದ್ರೋಹವನ್ನು ನಿರೀಕ್ಷಿಸುತ್ತಲೇ ಬದುಕಿದವರಿಗೆ ದ್ರೋಹವನ್ನು ನಂಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ನರಾಕು ಈ ಬಿರುಕನ್ನು ಸೃಷ್ಟಿಸಲಿಲ್ಲ, ಓದಿಕೊಂಡ. ತಾನೂ ಅದೇ ಒಂಟಿತನದಿಂದ ಹುಟ್ಟಿದವನಾದ್ದರಿಂದ ಓದಲು ಬಲ್ಲವನಾದ. ರಿಯೊಕೊ ಇಕೆದಾ ಅವರ 'ವರ್ಸೇಯ ಗುಲಾಬಿ'ಯಲ್ಲಿ (1972-73) ಆಸ್ಕರ್ ಮತ್ತು ಆಂದ್ರೆಯರನ್ನು ಕೊಲ್ಲುವುದು ಫ್ರೆಂಚ್ ಕ್ರಾಂತಿ. ಅಲ್ಲಿ ಚರಿತ್ರೆಯೇ ಖಳನ ಜಾಗವನ್ನು ತುಂಬುತ್ತದೆ. 'ಇನುಯಾಶಾ'ದಲ್ಲಿ ಖಳನು ಪ್ರಣಯದ ಒಳಗಿನವನು, ಅದರ ಮೂರನೆಯ ಭಾಗೀದಾರ.

ಈ ಪ್ರಣಯದ ರಸಸ್ವರೂಪವನ್ನು ನಿರ್ಧರಿಸುವುದು ಸುಲಭವಲ್ಲ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಭಾಗಿಸುತ್ತಾನೆ. ಒಬ್ಬರು ಮಡಿದಿದ್ದರೂ ಮತ್ತೆ ಸಮಾಗಮದ ಭರವಸೆಯಿರುವುದು ಕರುಣವಿಪ್ರಲಂಭ. ಮಹಾಶ್ವೇತೆ ಮತ್ತು ಪುಂಡರೀಕರ ವೃತ್ತಾಂತ ಇದಕ್ಕೆ ಅವನು ಕೊಡುವ ಉದಾಹರಣೆ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ಮೂಲಕ ಕನ್ನಡದ ಓದುಗರಿಗೆ ಇದು ಚಿರಪರಿಚಿತ. ಭರವಸೆ ಇಲ್ಲವಾದರೆ ಅದು ಶುದ್ಧ ಕರುಣ. 'ಇನುಯಾಶಾ'ದಲ್ಲಿ ಮಾಟಗಾತಿಯೊಬ್ಬಳು ಮೂಳೆಯಿಂದಲೂ ಸಮಾಧಿಯ ಮಣ್ಣಿನಿಂದಲೂ ಕಿಕ್ಯೊಳನ್ನು ಮತ್ತೆ ಎಬ್ಬಿಸುತ್ತಾಳೆ. ಆದರೆ ಅವಳ ಆತ್ಮವು ಕಾಗೊಮೆಯಾಗಿ ಆಗಲೇ ಮರುಹುಟ್ಟು ಪಡೆದಿದೆ. ಮಣ್ಣಿನ ಒಡಲಿನ ಕಿಕ್ಯೊ ಸತ್ತ ಹೆಣ್ಣುಮಕ್ಕಳ ಆತ್ಮಗಳಿಂದ ಜೀವ ಹಿಡಿದು ಅಲೆಯುತ್ತಾಳೆ. ಪುಂಡರೀಕನು ಮರಳಿದಾಗ ಮಹಾಶ್ವೇತೆಯ ತಪಸ್ಸು ಫಲಿಸಿತು. ಇಲ್ಲಿ ಮರಳುವಿಕೆಯೇ ಭರವಸೆಯನ್ನು ಕೊಲ್ಲುತ್ತದೆ. ಸಮಾಗಮವುಂಟು, ಸಂಭೋಗಶೃಂಗಾರವಿಲ್ಲ, ಸಾವುಂಟು, ಶೋಕ ಮುಗಿಯುವುದಿಲ್ಲ. ವಿಶ್ವನಾಥನ ನಾಲ್ಕು ಮನೆಗಳಲ್ಲಿ ಯಾವುದಕ್ಕೂ ಸೇರದ ಈ ಸ್ಥಿತಿಯನ್ನು ಕಾಗೊಮೆಯ ಪಕ್ಷ, ಕಿಕ್ಯೊಳ ಪಕ್ಷ ಎಂದು ಒಡೆದುಕೊಂಡ ಓದುಗವರ್ಗ ಸರಿಯಾಗಿ ಗ್ರಹಿಸಿದಂತೆ ತೋರುವುದಿಲ್ಲ. ಯಾರನ್ನು ಆಯ್ಕೆ ಮಾಡಬೇಕೆಂಬುದಕ್ಕಿಂತ, ಸತ್ತವಳಿಗೆ ಸಲ್ಲಬೇಕಾದ ಋಣವನ್ನು ಬದುಕಿರುವವಳ ಎದುರಿನಲ್ಲಿ ಹೇಗೆ ಸಲ್ಲಿಸುವುದು ಎಂಬುದೇ ಇನುಯಾಶಾನ ಸಂಕಟ.

ಖಳನ ಕಡೆಗೆ ತಿರುಗಿದರೆ 'ರಸಾಭಾಸ'ದ ಪ್ರಶ್ನೆ ಏಳುತ್ತದೆ. ಒಬ್ಬರಲ್ಲಿ ಮಾತ್ರ ನೆಲೆಸಿದ ಅನುಭಯನಿಷ್ಠ ರತಿ ಶೃಂಗಾರವಾಗದು, ಶೃಂಗಾರಾಭಾಸವಾಗುತ್ತದೆ ಎಂಬುದು ಆಲಂಕಾರಿಕರ ನಿಲುವು. ಸೀತೆಯಲ್ಲಿ ರಾವಣನಿಗಿದ್ದ ರತಿ ಇದರ ಪ್ರಸಿದ್ಧ ನಿದರ್ಶನ. ಈ ಸೂತ್ರದಂತೆ ಒನಿಗುಮೊನ ಬಯಕೆ ಆಭಾಸವೇ ಸರಿ. ಆದರೆ ಆ ಬಯಕೆ ನರಾಕುವಿನ ದೇಹವನ್ನು ಒಂದಾಗಿ ಹಿಡಿದಿಟ್ಟಿರುವ ಕಟ್ಟು ಕೂಡ ಆಗಿದೆ. ಬೆನ್ನ ಮೇಲಿನ ಜೇಡದ ಆಕಾರದ ಕಲೆಯನ್ನು ಅವನು ಅಳಿಸಲಾರ. ಒನಿಗುಮೊನ ಹೃದಯವನ್ನು ಒಮ್ಮೆ ಬೇರ್ಪಡಿಸಿ ಹೊರಗಟ್ಟಿದಾಗ ಅವನ ಶರೀರವೇ ಚದುರತೊಡಗಿ, ಅದನ್ನು ಮತ್ತೆ ನುಂಗಬೇಕಾಗುತ್ತದೆ. ಆ ಹೃದಯ ಒಳಗಿರುವವರೆಗೆ ಕಿಕ್ಯೊಳನ್ನು ತನ್ನ ಕೈಯಾರೆ ಕೊಲ್ಲುವುದು ಅವನಿಂದ ಆಗದು. ಹಾಕುರೇಯ್ ಪರ್ವತದಲ್ಲಿ ಅದನ್ನು ತೊರೆದ ಮೇಲೆಯೇ ಅವಳ ಮೇಲೆ ಕೈಯೆತ್ತುತ್ತಾನೆ. ಪ್ರೇಮವನ್ನು ರೋಗವೆಂದು ಬಗೆದು ತನಗೆ ತಾನೇ ಶಸ್ತ್ರಚಿಕಿತ್ಸೆ ಮಾಡಿಕೊಳ್ಳುವ ಖಳನ ಈ ಕಲ್ಪನೆಯನ್ನು ಲಕ್ಷಣಗ್ರಂಥಗಳ ಆಭಾಸ ಎಂಬ ಪದ ಪೂರ್ತಿಯಾಗಿ ಹಿಡಿದಿಡಲಾರದು.

ಕಾಗುರಾಳ ವೃತ್ತಾಂತ ಇದಕ್ಕೆ ಇನ್ನೊಂದು ಮಗ್ಗುಲು. ನರಾಕು ತನ್ನ ದೇಹದಿಂದಲೇ ಸೃಷ್ಟಿಸಿದ, ಗಾಳಿಯನ್ನು ಆಳುವ ಹೆಣ್ಣು ಅವಳು. ಅವಳ ಹೃದಯ ಮಾತ್ರ ಅವನ ಕೈಯಲ್ಲಿದೆ. ಸ್ವಾತಂತ್ರ್ಯದ ಹೊರತು ಅವಳಿಗೆ ಬೇರೆ ಬಯಕೆಯಿಲ್ಲ. ಕೊನೆಗೆ ನರಾಕು ಹೃದಯವನ್ನು ಹಿಂದಿರುಗಿಸುತ್ತಾನೆ, ಜೊತೆಗೆ ವಿಷವನ್ನೂ ಕೊಡುತ್ತಾನೆ. ಹೂವಿನ ಬಯಲೊಂದರಲ್ಲಿ ಒಬ್ಬಳೇ ಸಾಯುತ್ತಿರುವಾಗ ಇನುಯಾಶಾನ ಅಣ್ಣ ಸೆಶ್ಶೋಮಾರು ಅಲ್ಲಿಗೆ ಬರುತ್ತಾನೆ. ನರಾಕುವನ್ನು ಅರಸಿಯಲ್ಲ, ಅವಳೆಂದು ತಿಳಿದೇ ಬಂದವನು. ಪ್ರೇಮವೆಂಬ ಮಾತು ಇಬ್ಬರಿಂದಲೂ ಹೊರಡುವುದಿಲ್ಲ. ಕಪ್ಪುಬಿಳುಪಿನ ಕೆಲವೇ ಚೌಕಗಳು, ಅವುಗಳಲ್ಲಿ ಹಲವು ನಿಶ್ಶಬ್ದ. ಅವಳು ನಕ್ಕು ಗಾಳಿಯಾಗಿ ಕರಗುತ್ತಾಳೆ. ಓದುಗರು ಇವರಿಬ್ಬರನ್ನು ಜೋಡಿಯೆಂದು ಎದೆಗೆ ಹಚ್ಚಿಕೊಂಡಿರುವುದು ಈ ಮೌನದ ಬಲದಿಂದಲೇ. ಇಡೀ ಕೃತಿಯಲ್ಲಿ ಧ್ವನಿ ಎಂಬ ಮಾತಿಗೆ ಇದಕ್ಕಿಂತ ಸಮರ್ಥವಾದ ನಿದರ್ಶನವಿಲ್ಲ. ಕಿಕ್ಯೊಳ ಎರಡನೆಯ ಮರಣದ ದೀರ್ಘ ಪ್ರಸಂಗವೂ ಇದರ ಎತ್ತರವನ್ನು ಮುಟ್ಟುವುದಿಲ್ಲ.

ಕನ್ನಡದಲ್ಲಿ ನರಾಕುವಿಗೆ ಹತ್ತಿರದ ಪಾತ್ರವನ್ನು ಹುಡುಕುವುದಾದರೆ, ಬಿ.ಎಂ. ಶ್ರೀಕಂಠಯ್ಯನವರು ದುರಂತನಾಯಕನೆಂದು ಗುರುತಿಸಿದ ನಾಗಚಂದ್ರನ ರಾವಣನಿಗಿಂತ, ಜನ್ನನ 'ಅನಂತನಾಥ ಪುರಾಣ'ದ (1230) ಚಂಡಶಾಸನನ ಕಡೆಗೆ ನೋಡುವುದು ಉಚಿತ. ಗೆಳೆಯ ವಸುಷೇಣನ ಅತಿಥಿಯಾಗಿ ಬಂದು ಅವನ ಪತ್ನಿ ಸುನಂದೆಯನ್ನು ಅಪಹರಿಸುವ ಚಂಡಶಾಸನ, ಅವಳು ಮಣಿಯದಿದ್ದಾಗ ಪತಿಯ ಶಿರವೆಂದು ಮಾಯಾಶಿರವೊಂದನ್ನು ತೋರಿಸುತ್ತಾನೆ. ಅವಳು ಅದನ್ನು ಕಂಡೊಡನೆ ಪ್ರಾಣಬಿಡುತ್ತಾಳೆ. ಅವನು ಅವಳ ಚಿತೆಯಲ್ಲಿಯೇ ಉರಿದುಹೋಗುತ್ತಾನೆ. ಎರಡು ಕೃತಿಗಳ ನಡುವೆ ಪ್ರಭಾವದ ಸಂಬಂಧವೇನೂ ಇಲ್ಲ. ಆದರೆ ಎರಡರಲ್ಲಿಯೂ ಖಳನ ಆಯುಧ ಪ್ರಿಯಕರನ ಸುಳ್ಳು ರೂಪವೇ, ಎರಡರಲ್ಲಿಯೂ ಆ ಸುಳ್ಳು ಅವನಿಗೆ ಬೇಕಾದ ಹೆಣ್ಣನ್ನೇ ಕೊಲ್ಲುತ್ತದೆ. ಶೀಲಕ್ಕೆ ಎರವಾದ ರಾಗ ತನ್ನ ವಸ್ತುವನ್ನೇ ನಾಶಮಾಡುವುದನ್ನು ಜನ್ನ ಕರ್ಮದ ಚೌಕಟ್ಟಿನಲ್ಲಿ ನೋಡಿದರೆ, ತಕಾಹಾಶಿಯವರು ಮಣಿಯ ರೂಪಕದಲ್ಲಿ ನೋಡುತ್ತಾರೆ. ಆ ಮಣಿ ಹುಟ್ಟಿದ್ದೂ ಮಿದೊರಿಕೊ ಎಂಬ ಪ್ರಾಚೀನ ಅರ್ಚಕಿಯನ್ನು ಗುಟ್ಟಾಗಿ ಮೋಹಿಸಿದ ಒಬ್ಬನ ಹೃದಯವನ್ನು ಪಿಶಾಚಗಳು ಬಳಸಿಕೊಂಡದ್ದರಿಂದ. ಒನಿಗುಮೊನ ಕಥೆ ಹಳೆಯ ಕಥೆಯೊಂದರ ಮರುಕಳಿಕೆ.

ಚಂಡಶಾಸನನ ಚಿತಾಪ್ರವೇಶ ಕನ್ನಡದ ಓದುಗನಲ್ಲಿ ಮರುಕವನ್ನು ಹುಟ್ಟಿಸುತ್ತದೆ. ಬದುಕಿನಲ್ಲಿ ದೊರೆಯದ ಸಾಮೀಪ್ಯವನ್ನು ಸಾವಿನಲ್ಲಿ ಪಡೆದನೆಂಬ ಭಾವ ಅಲ್ಲಿ ಸುಳಿಯುತ್ತದೆ. ಆ ಚಿತೆಗೂ ಸುನಂದೆಯ ಒಪ್ಪಿಗೆಯಿರಲಿಲ್ಲ ಎಂಬುದನ್ನು ಈ ಮರುಕ ಮರೆಸಿಬಿಡುವ ಅಪಾಯವೂ ಇದೆ. ನರಾಕುವಿನ ಅಂತ್ಯದ ಓದಿನಲ್ಲಿಯೂ ಇಂಥದೇ ಮರೆವು ಕಾಣುತ್ತದೆ. ಸಾಯುವ ಹೊತ್ತಿನಲ್ಲಿ ಅವನ ನಿಜವಾದ ಬಯಕೆ ಪ್ರಕಟವಾಗುತ್ತದೆ: ಅವನಿಗೆ ಬೇಕಾಗಿದ್ದುದು ಕಿಕ್ಯೊಳ ಹೃದಯ ಮಾತ್ರ, ಮಣಿ ಅದನ್ನು ಈಡೇರಿಸಲಿಲ್ಲ. ಈ ಒಂದು ಪ್ರಸಂಗವನ್ನು ಹಿಡಿದು ಅವನನ್ನೂ ದುರಂತ ಪ್ರೇಮಿಗಳ ಸಾಲಿಗೆ ಸೇರಿಸುವ ಓದುಗರು ಕಡಿಮೆಯಿಲ್ಲ. ಆದರೆ ಕೃತಿ ಅಲ್ಲಿ ಅವನಿಗೆ ಚಿತೆಯನ್ನು ಕೊಡುವುದಿಲ್ಲ. ಕಿಕ್ಯೊ ಹೋದ ಕಡೆಗೆ ಸತ್ತ ಮೇಲೆಯೂ ತಾನು ಹೋಗಲಾರೆನೆಂಬುದನ್ನು ಅವನೇ ಅರಿತು ಅಳಿಯುತ್ತಾನೆ. ಅವನಿಗಾಗಿ ಕೊನೆಯಲ್ಲಿ ಮರುಗುವವಳು ಕಾಗೊಮೆ. ಆ ಮರುಕದ ನಡುವೆಯೂ ಅವಳು ಅವನ ಯಾವ ಕೃತ್ಯವನ್ನೂ ಮನ್ನಿಸುವ ಮಾತಾಡುವುದಿಲ್ಲ. ಮಣಿಯ ಮುಂದೆ ನಿಂತಾಗ ಅವಳು ಕೇಳಿಕೊಳ್ಳುವುದು ಅದು ಎಂದೆಂದಿಗೂ ಇಲ್ಲವಾಗಲಿ ಎಂಬ ಒಂದನ್ನೇ.